ಮಡ್ಡಿ, ಬೂದಿ ಮತ್ತು ನಂಬಿಕೆ: ಕಾರ್ಖಾನೆಗಳ ಕಸ ಹಂಚಿಕೆಯ ಒಂದು ಪಾಠ

ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡ ವಿಷಯಕ್ಕೆ ಪುಸ್ತಕದಲ್ಲಿ ‘ಕೈಗಾರಿಕಾ ಸಹಜೀವನ’ ಅನ್ನೋ ದೊಡ್ಡ ಹೆಸರಿದೆ. ಅರ್ಥ ಮಾತ್ರ ಸರಳ. ಒಂದು ಕಾರ್ಖಾನೆ ಕಸ ಅಂತ ಹೊರಗೆ ಹಾಕುವುದನ್ನು ಇನ್ನೊಂದು ಕಾರ್ಖಾನೆ ಕಚ್ಚಾಮಾಲು ಅಂತ ಒಳಗೆ ತೆಗೆದುಕೊಳ್ಳುವುದು. ಕೊಡುವವನಿಗೆ ವಿಲೇವಾರಿ ಖರ್ಚು ಉಳಿಯುತ್ತದೆ, ತೆಗೆದುಕೊಳ್ಳುವವನಿಗೆ ಮಾಲು ಅಗ್ಗಕ್ಕೆ ಸಿಗುತ್ತದೆ, ಊರಿನ ಹಳ್ಳ ಸ್ವಚ್ಛವಾಗಿ ಉಳಿಯುತ್ತದೆ.

ನಮ್ಮ ಭಾಗಕ್ಕೆ ಈ ವ್ಯವಹಾರ ಹೊಸದೇನಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸುವುದನ್ನು ನಾವೆಲ್ಲ ನೋಡಿದ್ದೇವೆ. ರೈತನಿಗೆ ಬೇಡವಾದ ಕೂಳೆ, ಎಲೆ ಕುರಿಗೆ ಮೇವು. ಕುರಿಗಾರನಿಗೆ ಬೇಡವಾದ ಹಿಕ್ಕೆ ಹೊಲಕ್ಕೆ ಗೊಬ್ಬರ. ಎಷ್ಟು ರಾತ್ರಿ, ಎಷ್ಟು ಕುರಿ, ಬದಲಿಗೆ ಕಾಳೋ ರೊಕ್ಕವೋ ಎಲ್ಲವೂ ಬಾಯಿಮಾತಿನಲ್ಲೇ ತೀರ್ಮಾನ. ಮುಂದಿನ ವರ್ಷವೂ ಅದೇ ಕುರಿಗಾರ ಅದೇ ಹೊಲಕ್ಕೆ ಬರುತ್ತಾನೆ. ಇದರಲ್ಲಿ ವಸ್ತು ಹೊಂದಾಣಿಕೆಯೂ ಇದೆ, ಮನುಷ್ಯರ ಹೊಂದಾಣಿಕೆಯೂ ಇದೆ. ಕಂಪ್ಯೂಟರ್ ಕಲಿತ ನಮ್ಮಂಥವರು ಮೊದಲನೆಯದನ್ನು ಬೇಗ ಹಿಡಿಯುತ್ತೇವೆ, ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟರೆ ಏನಾಗುತ್ತದೆ ಅನ್ನೋದೇ ಇವತ್ತಿನ ಪಾಠ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಅಗರಖೇಡವನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಿ. ಇದು ಕಬ್ಬಿನ ಸೀಮೆ. ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಹಾವಿನಾಳ, ಆಲಮೇಲ, ಮಲಘಾಣ, ಅತ್ತ ಮುದ್ದೇಬಿಹಾಳದ ಯರಗಲ್ಲ, ಈ ಊರುಗಳಲ್ಲೂ ಸಕ್ಕರೆ ಕಾರ್ಖಾನೆಗಳಿವೆ. ದಕ್ಷಿಣಕ್ಕೆ ಹೊರಳಿದರೆ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ. ಹೊಲ, ಸಕ್ಕರೆ, ಮದ್ಯಸಾರ, ಕರೆಂಟು, ಪಕ್ಕದ ಕಲಬುರಗಿ ಬಾಗಲಕೋಟೆಗಳಲ್ಲಿ ಸಿಮೆಂಟು. ಸಹಜೀವನದ ಪಾಠಕ್ಕೆ ಬೇಕಾದ ಎಲ್ಲ ಪಾತ್ರಗಳೂ ಇಲ್ಲೇ ಇವೆ.

ಮೊದಲು ಲೆಕ್ಕ

ದಿನಕ್ಕೆ 5,000 ಟನ್ ಕಬ್ಬು ಅರೆಯುವ ಒಂದು ಕಾರ್ಖಾನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಇದು ಯಾವುದೇ ನಿರ್ದಿಷ್ಟ ಕಾರ್ಖಾನೆಯಲ್ಲ, ಲೆಕ್ಕದ ಕಾರ್ಖಾನೆ. ಹಂಗಾಮು 120 ದಿನ ಅಂದರೆ ಒಟ್ಟು 6 ಲಕ್ಷ ಟನ್ ಕಬ್ಬು.

ಕಬ್ಬಿನ ತೂಕದಲ್ಲಿ ಶೇ. 28ರಿಂದ 30ರಷ್ಟು ಸಿಪ್ಪೆ, ಅಂದರೆ ಬಗ್ಯಾಸ್. ದಿನಕ್ಕೆ 1,400ರಿಂದ 1,500 ಟನ್. ಇದರಲ್ಲಿ ಅರ್ಧ ನೀರೇ. ಹೆಚ್ಚಿನ ಪಾಲು ಅಲ್ಲೇ ಬಾಯ್ಲರಿಗೆ ಹೋಗಿ ಉಗಿ, ಕರೆಂಟು ಆಗುತ್ತದೆ. ಶೇ. 4ರಿಂದ 4.5ರಷ್ಟು ಕಾಕಂಬಿ, ದಿನಕ್ಕೆ 200ರಿಂದ 225 ಟನ್. ಇದು ಡಿಸ್ಟಿಲರಿಗೆ. ಶೇ. 3ರಿಂದ 4ರಷ್ಟು ಪ್ರೆಸ್‌ಮಡ್, ಅಂದರೆ ರಸ ಸೋಸಿದಾಗ ಉಳಿಯುವ ಮಡ್ಡಿ. ದಿನಕ್ಕೆ 150ರಿಂದ 200 ಟನ್, ಹಂಗಾಮಿಗೆ 18,000ದಿಂದ 24,000 ಟನ್.

ಈಗ ಡಿಸ್ಟಿಲರಿ. ದಿನಕ್ಕೆ 60,000 ಲೀಟರ್ ಮದ್ಯಸಾರ ತಯಾರಿಸುವ ಘಟಕ ಅಂದುಕೊಳ್ಳಿ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 12 ಲೀಟರ್ ಸ್ಪೆಂಟ್‌ವಾಶ್ ಬರುತ್ತದೆ. ಕಂದು ಬಣ್ಣ, ಘಾಟು ವಾಸನೆ. ಲೀಟರಿಗೆ 10 ಲೀಟರ್ ಹಿಡಿದರೆ ದಿನಕ್ಕೆ 6 ಲಕ್ಷ ಲೀಟರ್ ಸ್ಪೆಂಟ್‌ವಾಶ್. ವರ್ಷಕ್ಕೆ 270 ದಿನ ನಡೆದರೆ 16.2 ಕೋಟಿ ಲೀಟರ್.

ಇದನ್ನು ಏನು ಮಾಡುವುದು? ಒಂದು ಹಳೆಯ ದಾರಿ ಮಡ್ಡಿಯ ಜೊತೆ ಬೆರೆಸಿ ಕಾಂಪೋಸ್ಟ್ ಮಾಡುವುದು. ಮಡ್ಡಿಯನ್ನು ಉದ್ದ ಸಾಲಾಗಿ ಹಾಕಿ, ಅದರ ಮೇಲೆ ಸ್ಪೆಂಟ್‌ವಾಶ್ ಸಿಂಪಡಿಸಿ, ಯಂತ್ರದಿಂದ ತಿರುವುತ್ತಾ ಹೋಗುತ್ತಾರೆ. ಒಂದು ಟನ್ ಮಡ್ಡಿ ಸುಮಾರು ಎರಡೂವರೆಯಿಂದ ಮೂರೂವರೆ ಸಾವಿರ ಲೀಟರ್ ಕುಡಿಯುತ್ತದೆ. ಮೂರು ಸಾವಿರ ಹಿಡಿಯೋಣ. 16.2 ಕೋಟಿಯನ್ನು ಮೂರು ಸಾವಿರದಿಂದ ಭಾಗಿಸಿ. ವರ್ಷಕ್ಕೆ 54,000 ಟನ್ ಮಡ್ಡಿ ಬೇಕು. ನಮ್ಮ ಕಾರ್ಖಾನೆ ಕೊಡುವುದು ಹೆಚ್ಚೆಂದರೆ 24,000 ಟನ್. ಸ್ಪೆಂಟ್‌ವಾಶನ್ನು ಮೊದಲು ಇಂಗಿಸಿ ಗಟ್ಟಿ ಮಾಡಿದರೆ ಬೇಡಿಕೆ ಬಹಳಷ್ಟು ಇಳಿಯುತ್ತದೆ, ನಿಜ. ಹಾಗೆ ಮಾಡದ ಘಟಕಕ್ಕೆ ಮಾತ್ರ ಇನ್ನೂ ಒಂದೆರಡು ಕಾರ್ಖಾನೆಯ ಮಡ್ಡಿ ಬೇಕೇ ಬೇಕು.

ಇಲ್ಲಿಗೆ ಸಹಜೀವನ ಶುರುವಾಯಿತು ನೋಡಿ. ಒಂದು ಕಂಪನಿಯ ಕಸ ಸಾಕಾಗುತ್ತಿಲ್ಲ, ಪಕ್ಕದ ಕಂಪನಿಯ ಕಸಕ್ಕೆ ಕೈ ಚಾಚಬೇಕು.

ಇದು ಕೂಡಿಬರದೆ ಹೋದರೆ ಏನಾಗುತ್ತದೆ ಅನ್ನೋದಕ್ಕೂ ಒಂದು ಲೆಕ್ಕ ಇದೆ. ಕಚ್ಚಾ ಸ್ಪೆಂಟ್‌ವಾಶಿನ ಬಿಒಡಿ ಲೀಟರಿಗೆ 40,000ದಿಂದ 50,000 ಮಿಲಿಗ್ರಾಂ. ಮನೆಗಳ ಚರಂಡಿ ನೀರಿನದು 200ರಿಂದ 300. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ ಅದು 3ಕ್ಕಿಂತ ಹೆಚ್ಚಿರಬಾರದು. 45,000ವನ್ನು 3ಕ್ಕೆ ಇಳಿಸಬೇಕಾದರೆ 15,000 ಪಟ್ಟು ಶುದ್ಧ ನೀರು ಬೇಕು. ಅಂದರೆ 10,000 ಲೀಟರಿನ ಒಂದೇ ಒಂದು ಟ್ಯಾಂಕರ್ ಹಳ್ಳಕ್ಕೆ ಇಳಿದರೆ, ಅದನ್ನು ತೊಳೆಯಲು 15 ಕೋಟಿ ಲೀಟರ್ ನೀರು. ಬೇಸಿಗೆಯ ಭೀಮೆಯಲ್ಲಿ ಅಷ್ಟು ನೀರು ಹರಿಯುವ ದಿನ ಎಷ್ಟು? ನದಿ ದಂಡೆಯ ಊರಿನವರಿಗೆ ಈ ಪಾಠ ಪರೀಕ್ಷೆಗಷ್ಟೇ ಅಲ್ಲ. ಅದಕ್ಕಾಗಿಯೇ ಡಿಸ್ಟಿಲರಿಗಳು ಒಂದು ಹನಿಯನ್ನೂ ಹೊರಗೆ ಬಿಡಬಾರದು ಅನ್ನೋ ನಿಯಮ ಇರುವುದು.

ತಂತ್ರಾಂಶ ಏನು ಮಾಡುತ್ತದೆ

ಈ ಹೊಂದಾಣಿಕೆಯನ್ನು ಕಂಪ್ಯೂಟರಿಗೆ ಹೇಳಿಕೊಡುವುದು ಕಷ್ಟವಲ್ಲ. ಎಡಗಡೆ ಕೊಡುವವರ ಸಾಲು, ಬಲಗಡೆ ಬೇಕಾದವರ ಸಾಲು, ನಡುವೆ ಗೆರೆಗಳು. ಪ್ರತಿ ಗೆರೆಗೂ ಒಂದು ಖರ್ಚು: ದೂರ, ಲಾರಿ ಬಾಡಿಗೆ, ಸಂಸ್ಕರಣೆ. ಒಟ್ಟು ಖರ್ಚು ಕಡಿಮೆಯಾಗುವಂತೆ ಯಾವ ಗೆರೆಯಲ್ಲಿ ಎಷ್ಟು ಟನ್ ಕಳಿಸಬೇಕು? ಐದನೇ ಸೆಮಿಸ್ಟರಿನ ಆಪರೇಷನ್ಸ್ ರಿಸರ್ಚಿನ ಸಾಗಾಣಿಕೆ ಸಮಸ್ಯೆ ಇದೇ. ಅದಕ್ಕೆ ನಕ್ಷೆಯ ಪದರ ಜೋಡಿಸಿದರೆ ದೂರ ತಾನಾಗಿ ಬರುತ್ತದೆ. ವಸ್ತುವಿನ ಗುಣ, ತೇವಾಂಶ, ನಿಯಮಗಳನ್ನು ಜೋಡಿಸಿದರೆ ಕೂಡದ ಜೋಡಿಗಳು ತಾವಾಗಿ ಬಿದ್ದುಹೋಗುತ್ತವೆ.

ಇದರ ಉಪಯೋಗ ಸಣ್ಣದಲ್ಲ. ಹಸಿ ಮಡ್ಡಿಯಲ್ಲಿ ಸುಮಾರು ಶೇ. 70 ನೀರು. ಹತ್ತು ಟನ್ ಮಡ್ಡಿ ಹೊತ್ತ ಲಾರಿ ಏಳು ಟನ್ ನೀರನ್ನೇ ಹೊತ್ತು ಹೋಗುತ್ತದೆ. ಎಷ್ಟು ಕಿಲೋಮೀಟರ್ ದಾಟಿದರೆ ನಷ್ಟ, ಒಣಗಿಸಿ ಕಳಿಸಿದರೆ ಆ ಗಡಿ ಎಷ್ಟು ಹಿಗ್ಗುತ್ತದೆ, ಇದನ್ನೆಲ್ಲ ತಂತ್ರಾಂಶ ಕ್ಷಣದಲ್ಲಿ ಹೇಳುತ್ತದೆ. ಇಪ್ಪತ್ತು ಘಟಕ, ಮೂವತ್ತು ವಸ್ತು ಇದ್ದಾಗ ಕೈಲೆಕ್ಕದಲ್ಲಿ ಕಾಣದ ಜೋಡಿಗಳನ್ನೂ ಅದು ತೋರಿಸುತ್ತದೆ.

1990ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ತಂತ್ರಾಂಶಗಳ ಒಂದು ಸಾಲೇ ಬಂತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕೆಲವನ್ನು ಮಾಡಿಸಿತು, ವಿಶ್ವವಿದ್ಯಾಲಯಗಳು ಕೆಲವನ್ನು ಕಟ್ಟಿದವು. ಎಲ್ಲದರ ತಿರುಳು ಒಂದೇ: ಕಂಪನಿಗಳಿಂದ ಏನು ಬೇಕು, ಏನು ಬೇಡ ಅನ್ನೋ ಪಟ್ಟಿ ತೆಗೆದುಕೊಳ್ಳುವುದು, ಜೋಡಿ ಹುಡುಕಿ ಕೊಡುವುದು. 2010ರಲ್ಲಿ ಗೇಬ್ರಿಯಲ್ ಗ್ರಾಂಟ್ ಮತ್ತು ಸಂಗಡಿಗರು ಇಂಥ ತಂತ್ರಾಂಶಗಳನ್ನೆಲ್ಲ ಮುಂದಿಟ್ಟುಕೊಂಡು ಒಂದು ವಿಮರ್ಶೆ ಬರೆದರು. ಬಹಳಷ್ಟು ಅಷ್ಟೊತ್ತಿಗಾಗಲೇ ಬಳಕೆಯಿಂದ ಬಿದ್ದುಹೋಗಿದ್ದವು. ತಂತ್ರಾಂಶಗಳು ವಸ್ತುಗಳ ಜೋಡಿ ಹುಡುಕಲು ಗಮನ ಕೊಟ್ಟಿದ್ದವು. ಜನರ ನಡುವೆ ಸಂಬಂಧ ಕಟ್ಟುವ, ಬರೆದಿಡಲಾಗದ ಅನುಭವವನ್ನು ದಾಟಿಸುವ ಕೆಲಸ ಅವುಗಳಲ್ಲಿ ಇರಲಿಲ್ಲ.

ಕೋಡ್ ಕೆಟ್ಟದ್ದಾಗಿತ್ತು ಅಂತಲ್ಲ. ಹಾಗಾದರೆ ಜೋಡಿ ಸಿಕ್ಕರೂ ವ್ಯವಹಾರ ಯಾಕೆ ಕುದುರುವುದಿಲ್ಲ?

ಜೋಡಿ ಸಿಕ್ಕ ಮೇಲೆ ಎದುರಾಗುವ ಐದು ಪ್ರಶ್ನೆಗಳು

ಒಂದು, ಗುಟ್ಟು. ನಿಮ್ಮ ಕಾರ್ಖಾನೆಯಿಂದ ಯಾವ ಕಸ ಎಷ್ಟು ಬರುತ್ತದೆ ಅಂತ ಹೇಳಿದರೆ, ಒಳಗೆ ಏನು ಎಷ್ಟು ನಡೆಯುತ್ತಿದೆ ಅಂತ ಬಲ್ಲವನು ಲೆಕ್ಕ ಹಾಕುತ್ತಾನೆ. ಮಡ್ಡಿಯ ತೂಕ ಗೊತ್ತಾದರೆ ಅರೆದ ಕಬ್ಬಿನ ತೂಕ ಗೊತ್ತಾದ ಹಾಗೆ. ಈಗಷ್ಟೇ ನಾವೂ ಆ ಲೆಕ್ಕ ಮಾಡಿದೆವಲ್ಲ! ಪೈಪೋಟಿಯ ಕಂಪನಿ ನೋಡುವ ಪಟ್ಟಿಯಲ್ಲಿ ಯಾವ ಮ್ಯಾನೇಜರೂ ಸರಿಯಾದ ಅಂಕಿ ತುಂಬುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಡಿದರೆ ಅನ್ನೋ ಹೆದರಿಕೆ ಬೇರೆ.

ಎರಡು, ಕಾಲ. ಸಕ್ಕರೆ ಕಾರ್ಖಾನೆ ವರ್ಷದಲ್ಲಿ ನಾಲ್ಕೈದು ತಿಂಗಳು ನಡೆಯುತ್ತದೆ. ಡಿಸ್ಟಿಲರಿ ಒಂಬತ್ತು ತಿಂಗಳು. ರೈತನಿಗೆ ಗೊಬ್ಬರ ಬೇಕಾಗುವುದು ನಾಟಿಗೆ ಮುಂಚಿನ ಕೆಲವೇ ವಾರ. ಮಳೆಗಾಲದಲ್ಲಿ ಬಯಲಿನ ಕಾಂಪೋಸ್ಟ್ ನಡೆಯದು. ವಾರ್ಷಿಕ ಟನ್ನುಗಳು ಸಮ ಇದ್ದರೂ ವಾರದ ಟನ್ನುಗಳು ಸಮ ಇರುವುದಿಲ್ಲ. ಬರಗಾಲ ಬಿದ್ದು ಕಬ್ಬು ಕಡಿಮೆಯಾದ ವರ್ಷ ಇಡೀ ಲೆಕ್ಕವೇ ತಲೆಕೆಳಗು.

ಮೂರು, ಭರವಸೆ. ಇವತ್ತು ಪಕ್ಕದ ಕಾರ್ಖಾನೆಯ ಮಡ್ಡಿ ನಂಬಿ ನಾವು ಕಾಂಪೋಸ್ಟ್ ಅಂಗಳ ಕಟ್ಟುತ್ತೇವೆ. ನಾಳೆ ಅವರು ಜೈವಿಕ ಅನಿಲ ಘಟಕಕ್ಕೆ ಹೆಚ್ಚು ದರಕ್ಕೆ ಕೊಟ್ಟುಬಿಟ್ಟರೆ? ಕಸಕ್ಕೆ ಬೆಲೆ ಬಂದ ದಿನ ಅದು ಕಸವಾಗಿ ಉಳಿಯುವುದಿಲ್ಲ. ಸ್ಪೆಂಟ್‌ವಾಶನ್ನು ಗಟ್ಟಿ ಮಾಡಿ ಸುಟ್ಟಾಗ ಸಿಗುವ ಬೂದಿಯ ಕಥೆ ಕೇಳಿ. ಅದರಲ್ಲಿ ಪೊಟ್ಯಾಷ್ ಇದೆ. ಬಹಳ ಕಾಲ ಅದು ತಲೆನೋವಿನ ಬೂದಿಯೇ ಆಗಿತ್ತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ಕಂಪನಿಗಳಿಗೆ ಅದನ್ನು ಮಾರುವ ದರವನ್ನು ಟನ್ನಿಗೆ 4,263 ರೂಪಾಯಿ ಅಂತ ಪ್ರಕಟಿಸಿತು. ಅಲ್ಲಿಂದ ಅದು ಸರಕು. ಪುಕ್ಕಟೆ ಒಯ್ಯುತ್ತಿದ್ದವರ ಲೆಕ್ಕ ಬೇರೆಯಾಯಿತು.

ನಾಲ್ಕು, ಹೊಣೆ. ಕಸ ದಾರಿಯಲ್ಲಿ ಚೆಲ್ಲಿದರೆ, ಹೊಲ ಸುಟ್ಟರೆ, ಬಾವಿ ಕೆಟ್ಟರೆ ಯಾರು ಉತ್ತರ ಕೊಡಬೇಕು? ಅಪಾಯಕಾರಿ ತ್ಯಾಜ್ಯವಾದರೆ 2016ರ ನಿಯಮಗಳ ಪ್ರಕಾರ ಅದನ್ನು ಕಚ್ಚಾಮಾಲಾಗಿ ಬಳಸುವವರು ರಾಜ್ಯ ಮಂಡಳಿಯ ಅನುಮತಿ ಪಡೆಯಬೇಕು. ಕಾಕಂಬಿ ಸಾಗಿಸಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಇಂಡಿಯಿಂದ ಸೊಲ್ಲಾಪುರ ನಕ್ಷೆಯಲ್ಲಿ ಹತ್ತಿರ, ಆದರೆ ನಡುವೆ ರಾಜ್ಯದ ಗಡಿ. ಮಂಡಳಿಯೂ ಬೇರೆ, ಇಲಾಖೆಯೂ ಬೇರೆ. ತಂತ್ರಾಂಶ ಅದನ್ನು ಬರೀ ಕಿಲೋಮೀಟರ್ ಅಂತ ಎಣಿಸುತ್ತದೆ.

ಐದು, ಬಲಾಬಲ. ದೊಡ್ಡ ಕಾರ್ಖಾನೆ ಮತ್ತು ಸಣ್ಣ ಇಟ್ಟಿಗೆ ಭಟ್ಟಿ ಎದುರು ಬದುರು ಕೂತರೆ ಕರಾರು ಬರೆಯುವವರು ಯಾರು? ತೂಕದ ಕಾಟಾ ಯಾರದು? ಸಾಲು ನಿಂತ ಟ್ರ್ಯಾಕ್ಟರಿಗೆ ಸರದಿ ಕೊಡುವವರು ಯಾರು?

ಈ ಐದರಲ್ಲಿ ಒಂದೂ ರಸಾಯನಶಾಸ್ತ್ರದ ಪ್ರಶ್ನೆಯಲ್ಲ. ಹಾಗಂತ ಉತ್ತರ ಇಲ್ಲದ ಪ್ರಶ್ನೆಗಳೂ ಅಲ್ಲ. ಬೇರೆ ಊರಿನವರು ಇವನ್ನು ಹೇಗೆ ಬಿಡಿಸಿಕೊಂಡರು ಅಂತ ನೋಡೋಣ.

ಡೆನ್ಮಾರ್ಕಿನ ಸಣ್ಣ ಊರು, ಬ್ರಿಟನ್ನಿನ ಮಧ್ಯಸ್ಥರು

ಸಹಜೀವನದ ಪಾಠ ಹೇಳುವಾಗ ಎಲ್ಲರೂ ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಹೆಸರು ಹೇಳುತ್ತಾರೆ. ಸಣ್ಣ ಬಂದರು ಊರು. ಅಲ್ಲಿನ ತೈಲ ಶುದ್ಧೀಕರಣಾಗಾರದ ಹೆಚ್ಚುವರಿ ಅನಿಲ 1972ರಲ್ಲಿ ಜಿಪ್ಸಂ ಹಲಗೆ ಕಾರ್ಖಾನೆಗೆ ಹೋಗಲು ಶುರುವಾಯಿತು. ಆಮೇಲೆ ವಿದ್ಯುತ್ ಸ್ಥಾವರದ ಉಗಿ ಶುದ್ಧೀಕರಣಾಗಾರಕ್ಕೂ ಔಷಧ ಕಂಪನಿಗೂ ಹೋಯಿತು. ಔಷಧ ಕಂಪನಿಯ ಜೈವಿಕ ಮಡ್ಡಿ ಸುತ್ತಲಿನ ರೈತರ ಹೊಲಕ್ಕೆ ಗೊಬ್ಬರವಾಯಿತು. ಹೊಗೆಯಿಂದ ಗಂಧಕ ತೆಗೆದಾಗ ಸಿಕ್ಕ ಜಿಪ್ಸಂ ಹಲಗೆ ಕಾರ್ಖಾನೆಗೆ ಹೋಯಿತು. ಯಾರೂ ಕೂತು ಯೋಜನೆ ಬರೆದಿರಲಿಲ್ಲ, ಯಾವ ತಂತ್ರಾಂಶವೂ ಇರಲಿಲ್ಲ. ಎರಡೆರಡು ಕಂಪನಿ ಕೂಡಿ ಒಂದೊಂದು ಒಪ್ಪಂದ ಮಾಡಿಕೊಳ್ಳುತ್ತಾ ಹೋದರು. ಇದಕ್ಕೆ ಸಹಜೀವನ ಅಂತ ಹೆಸರು ಬಿದ್ದದ್ದೇ 1989ರ ಹೊತ್ತಿಗೆ. ಊರು ಸಣ್ಣದು, ಮ್ಯಾನೇಜರುಗಳಿಗೆ ಪರಸ್ಪರ ಪರಿಚಯ ಇತ್ತು, ಕಂಪನಿಗಳ ನಡುವೆ ಪೈಪೋಟಿ ಇರಲಿಲ್ಲ. ನಮ್ಮ ಮೊದಲ ಪ್ರಶ್ನೆ, ಗುಟ್ಟಿನ ಪ್ರಶ್ನೆ, ಅಲ್ಲಿ ಏಳಲೇ ಇಲ್ಲ.

ಬ್ರಿಟನ್ನಿನಂಥ ದೊಡ್ಡ ದೇಶದಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಇರಲು ಸಾಧ್ಯವಿಲ್ಲ. 2005ರಲ್ಲಿ ಅಲ್ಲಿ ಶುರುವಾದ ರಾಷ್ಟ್ರೀಯ ಕೈಗಾರಿಕಾ ಸಹಜೀವನ ಕಾರ್ಯಕ್ರಮ ಆ ಕೊರತೆಯನ್ನು ಮಧ್ಯಸ್ಥರಿಂದ ತುಂಬಿಸಿತು. ಒಂದು ಪ್ರದೇಶದ ಬೇರೆ ಬೇರೆ ಕಂಪನಿಯವರನ್ನು ಅರ್ಧ ದಿನ ಒಂದೇ ಕೋಣೆಯಲ್ಲಿ ಕೂಡಿಸುವುದು. ನಮ್ಮಲ್ಲಿ ಇದಿದೆ, ನಮಗೆ ಅದು ಬೇಕು ಅಂತ ಚೀಟಿ ಬರೆಸುವುದು. ಆಮೇಲೆ ಅನುಭವಿ ಕಾರ್ಯಕರ್ತರು ಪ್ರತಿ ಜೋಡಿಯ ಬೆನ್ನು ಹತ್ತಿ, ಅನುಮತಿ, ಪರೀಕ್ಷೆ, ಸಾಗಣೆ ಎಲ್ಲ ಮುಗಿಯುವವರೆಗೆ ಜೊತೆಗೆ ನಿಲ್ಲುವುದು. ತಂತ್ರಾಂಶ ಅಲ್ಲಿಯೂ ಇತ್ತು. ಅದು ಕಾರ್ಯಕರ್ತನ ಕೈಯ ವಹಿಯಾಗಿತ್ತು: ಯಾವ ಜೋಡಿ ಎಲ್ಲಿಗೆ ಬಂತು, ಎಲ್ಲಿ ನಿಂತಿತು ಅಂತ ಬರೆದಿಡುವ ಜಾಗ.

ನಂಜನಗೂಡು ಹೇಳಿದ್ದು

ವಿದೇಶದ ಮಾತು ಸಾಕು, ನಮ್ಮ ರಾಜ್ಯದ್ದೇ ಒಂದು ಅಧ್ಯಯನ ಇದೆ. ಮೈಸೂರು ಹತ್ತಿರದ ನಂಜನಗೂಡು ಕೈಗಾರಿಕಾ ಪ್ರದೇಶದ 42 ಕಂಪನಿಗಳ ಕಸದ ಹಾದಿಯನ್ನು ಅರಿಯಾನಾ ಬೇನ್, ಮೇಘಾ ಶೆಣೈ, ವೆಸ್ಲಿನ್ ಆಷ್ಟನ್, ಮೇರಿಯನ್ ಚೆರ್ಟೋ ಅಳೆದು 2010ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಒಟ್ಟು 8,97,210 ಟನ್ ಕಸ. ಅದರಲ್ಲಿ ಶೇ. 99.5 ಮರುಬಳಕೆಗೋ ಪುನರ್ಬಳಕೆಗೋ ಹೋಗುತ್ತಿತ್ತು. ಶೇ. 81ರಷ್ಟನ್ನು ಹುಟ್ಟಿಸಿದ ಕಂಪನಿಯೇ ಬಳಸಿಕೊಳ್ಳುತ್ತಿತ್ತು, ಅದರಲ್ಲಿ ದೊಡ್ಡ ಪಾಲು ಒಂದು ಸಕ್ಕರೆ ಕಾರ್ಖಾನೆಯದು. ಗೇಟು ದಾಟಿ ಹೊರಗೆ ಹೋದ ಕಸದಲ್ಲಿ ಶೇ. 90ಕ್ಕೂ ಹೆಚ್ಚು 20 ಕಿಲೋಮೀಟರ್ ಒಳಗೇ ಬಳಕೆಯಾಗುತ್ತಿತ್ತು.

ಈ ಅಂಕಿಗಳನ್ನು ನಿಧಾನವಾಗಿ ಓದಿ. ತಂತ್ರಾಂಶ ಇಲ್ಲದೆ, ಸಹಜೀವನ ಅನ್ನೋ ಹೆಸರಿಲ್ಲದೆ, ಅಷ್ಟು ಕಸ ತನ್ನ ದಾರಿ ಹುಡುಕಿಕೊಂಡಿದೆ. ಹುಡುಕಿಕೊಟ್ಟವರು ಯಾರು? ಗುಜರಿ ವ್ಯಾಪಾರಿ, ಬೂದಿ ಒಯ್ಯುವವನು, ಡ್ರಮ್ಮು ತೊಳೆದು ಮಾರುವವನು, ಸುತ್ತಲಿನ ರೈತ. ಅನೌಪಚಾರಿಕ ವಲಯ ಅಂತ ಪುಸ್ತಕ ಕರೆಯುವುದು ಇವರನ್ನೇ. ಇವರಿಗೆ ಜಿಎಸ್‌ಟಿ ನಂಬರು ಇರಲಿಕ್ಕಿಲ್ಲ, ಇಮೇಲ್ ಇರಲಿಕ್ಕಿಲ್ಲ. ಆದರೆ ಯಾರ ಹತ್ತಿರ ಏನಿದೆ, ಯಾರು ಮಾತಿಗೆ ತಪ್ಪುವುದಿಲ್ಲ ಅನ್ನೋದು ಬಾಯಿಪಾಠ.

ಈಗ ಒಬ್ಬರು ಹೊಸ ಪೋರ್ಟಲ್ ಮಾಡುತ್ತಾರೆ ಅಂದುಕೊಳ್ಳಿ. ಒಳಗೆ ಬರಲು ಕಂಪನಿ ನೋಂದಣಿ ಸಂಖ್ಯೆ ಕಡ್ಡಾಯ. ಅವತ್ತೇ ಈ ಜನ ಪಟ್ಟಿಯಿಂದ ಹೊರಗೆ. ಪೋರ್ಟಲಿನ ಕಣ್ಣಿಗೆ ಅವರು ಒಯ್ಯುವ ಮಾಲು ಯಾರಿಗೂ ಬೇಡದ ಕಸ, ಹಂಚಲು ಖಾಲಿ ಇರುವ ಟನ್ನು. ಅದು ದೊಡ್ಡ ಗಿರಾಕಿಗೆ ಜೋಡಿ ಹಾಕಿಕೊಡುತ್ತದೆ. ವರದಿಯಲ್ಲಿ ಮರುಬಳಕೆ ಏರಿದಂತೆ ಕಾಣುತ್ತದೆ. ನಿಜದಲ್ಲಿ ಒಬ್ಬನ ಕೈಯಿಂದ ಕಿತ್ತು ಇನ್ನೊಬ್ಬನ ಕೈಗೆ ಕೊಟ್ಟದ್ದಷ್ಟೇ.

ಕೂಡಗಿಯ ಬೂದಿ: ತಂತ್ರಾಂಶ ಗೆಲ್ಲಲು ಏನು ಬೇಕು

ಹಾಗಾದರೆ ತಂತ್ರಾಂಶ ಬೇಡವೇ? ಖಂಡಿತ ಬೇಕು. ಎಲ್ಲಿ ಬೇಕು ಅಂತ ತಿಳಿಯಲು ಕೂಡಗಿಗೆ ಹೋಗೋಣ.

2,400 ಮೆಗಾವ್ಯಾಟ್ ಪೂರ್ತಿ ಓಡಿದರೆ ಗಂಟೆಗೆ 24 ಲಕ್ಷ ಯೂನಿಟ್. ಯೂನಿಟ್ಟಿಗೆ ಸುಮಾರು 0.62 ಕಿಲೋ ಕಲ್ಲಿದ್ದಲು ಹಿಡಿದರೆ ಗಂಟೆಗೆ 1,500 ಟನ್ ಹತ್ತಿರ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. ಶೇ. 35 ಅಂದುಕೊಂಡರೆ ಗಂಟೆಗೆ 500 ಟನ್ನಿಗಿಂತ ಹೆಚ್ಚು ಬೂದಿ, ಅದರಲ್ಲಿ ನಾಲ್ಕು ಪಾಲು ಹಾರುಬೂದಿ, ಒಂದು ಪಾಲು ತಳಬೂದಿ. 25 ಟನ್ನಿನ ಬಲ್ಕರ್ ಲೆಕ್ಕದಲ್ಲಿ ಹಾರುಬೂದಿಗೇ ಗಂಟೆಗೆ ಹದಿನಾರು ಬಲ್ಕರ್. ಇದೂ ಲೆಕ್ಕದ ಉದಾಹರಣೆಯೇ, ಆದರೆ ಗಾತ್ರದ ಅಂದಾಜು ಸಿಗುತ್ತದೆ.

ಈ ಬೂದಿಗೆ ದಾರಿ ಸ್ಪಷ್ಟ. ಭಾರತೀಯ ಮಾನಕದ ಪ್ರಕಾರ ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಬೆರೆಸಬಹುದು. ಇಟ್ಟಿಗೆ, ರಸ್ತೆ ಏರಿ, ಗಣಿ ತುಂಬುವುದು ಬೇರೆ. ಕಾನೂನೂ ಬೆನ್ನಿಗಿದೆ: 1999ರ ಹಾರುಬೂದಿ ಅಧಿಸೂಚನೆ, ಆಮೇಲೆ 2021ರ ಡಿಸೆಂಬರ್ 31ರ ಹೊಸ ಅಧಿಸೂಚನೆ. ಸ್ಥಾವರಗಳು ನಿಗದಿತ ಅವಧಿಯೊಳಗೆ ಬೂದಿಯನ್ನು ಶೇ. 100 ಬಳಕೆಗೆ ಕೊಡಬೇಕು, ಉಳಿಸಿಕೊಂಡರೆ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು. 2018ರಲ್ಲಿ ಕೇಂದ್ರ ಇಂಧನ ಸಚಿವಾಲಯ ‘ಆಶ್ ಟ್ರ್ಯಾಕ್’ ಅನ್ನೋ ಆ್ಯಪ್ ಬಿಟ್ಟಿತು. ಸ್ಥಾವರದ ಸುತ್ತ 100 ಮತ್ತು 300 ಕಿಲೋಮೀಟರ್ ಒಳಗಿನ ಬೂದಿ ಬಳಕೆದಾರರನ್ನೂ ಸ್ಥಾವರದವರನ್ನೂ ಅದು ಜೋಡಿಸುತ್ತದೆ.

ಬೂದಿಗೆ ಆ್ಯಪ್ ಹೊಂದುತ್ತದೆ, ಯಾಕೆಂದರೆ ನಮ್ಮ ಐದು ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಮೊದಲೇ ಉತ್ತರ ಸಿಕ್ಕಿದೆ. ಬೂದಿಯ ಪ್ರಮಾಣ ಗುಟ್ಟಲ್ಲ. ಸ್ಥಾವರ ಹಂಗಾಮಿಗೆ ಕಟ್ಟುಬಿದ್ದಿಲ್ಲ. ಗುಣಮಟ್ಟಕ್ಕೆ ಮಾನಕ ಇದೆ. ಹೊಣೆ ಯಾರದು ಅಂತ ಕಾನೂನು ಬರೆದಿದೆ. ಉಳಿದದ್ದು ಬಲಾಬಲದ ಪ್ರಶ್ನೆ. ಸಿಮೆಂಟ್ ಕಂಪನಿ ಬಲ್ಕರ್ ಸಾಲು ಕಳಿಸಬಲ್ಲದು, ಸಣ್ಣ ಇಟ್ಟಿಗೆ ಘಟಕದವನು ಒಂದು ಲಾರಿ ಬಾಡಿಗೆ ಹಿಡಿದು ಬರಬೇಕು. ಆ್ಯಪಿನಲ್ಲಿ ಇಬ್ಬರ ಹೆಸರೂ ಒಂದೇ ಅಕ್ಷರದಲ್ಲಿ ಕಾಣುತ್ತದೆ.

ಅಗರಖೇಡದ ರೈತ ಯಾವ ಕಾಲಂನಲ್ಲಿ?

ಈಗ ಮತ್ತೆ ಮಡ್ಡಿಗೆ ಬರೋಣ. ಮಡ್ಡಿಗೆ ಬೂದಿಯಷ್ಟು ನಿಗದಿಯಾದ ದಾರಿ ಇಲ್ಲ. ಕೇಳುವವರು ಮೂವರು: ಸ್ಪೆಂಟ್‌ವಾಶ್ ಹೀರಿಸಲು ಡಿಸ್ಟಿಲರಿ, ಅನಿಲ ತೆಗೆಯಲು ಜೈವಿಕ ಅನಿಲ ಘಟಕ, ಹೊಲಕ್ಕೆ ಹಾಕಲು ರೈತ. ಮೊದಲಿಬ್ಬರು ಕಂಪನಿಗಳು. ಮೂರನೆಯವನ ಹೊಲದಿಂದಲೇ ಆ ಮಡ್ಡಿ ಹೊರಟದ್ದು. ಪ್ರತಿ ವರ್ಷ ಕಬ್ಬಿನ ಜೊತೆ ಹೊಲದ ಸಾರವೂ ಕಾರ್ಖಾನೆಗೆ ಹೋಗುತ್ತದೆ. ಸಕ್ಕರೆಯಲ್ಲಿ ಇರುವುದು ಗಾಳಿ ನೀರಿನ ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಮಣ್ಣಿನಿಂದ ಹೋದ ರಂಜಕ ಮಡ್ಡಿಯಲ್ಲಿ, ಪೊಟ್ಯಾಷ್ ಕಾಕಂಬಿಯ ಹಾದಿಯಲ್ಲಿ ಸ್ಪೆಂಟ್‌ವಾಶಿನಲ್ಲಿ ಉಳಿಯುತ್ತವೆ. ಮಡ್ಡಿ ಮರಳಿ ಬಾರದಿದ್ದರೆ ಹೊಲದ ಲೆಕ್ಕದಲ್ಲಿ ಖರ್ಚು ಮಾತ್ರ ಉಳಿಯಿತು. ಅದನ್ನು ತುಂಬಲು ಚೀಲದ ಗೊಬ್ಬರ ಕೊಳ್ಳಬೇಕು.

ಕಡಿಮೆ ಖರ್ಚಿನ ಜೋಡಿ ಹುಡುಕು ಅಂತ ತಂತ್ರಾಂಶಕ್ಕೆ ಹೇಳಿದರೆ ಅದು ಏನು ಮಾಡುತ್ತದೆ? ಒಂದೇ ಕಡೆ 20,000 ಟನ್ ತೆಗೆದುಕೊಳ್ಳುವ ಘಟಕವನ್ನು ಆರಿಸುತ್ತದೆ. ನಾಲ್ಕೈದು ಟನ್ ಕೇಳುವ ನಾಲ್ಕು ಸಾವಿರ ರೈತರನ್ನು ಬಿಟ್ಟುಬಿಡುತ್ತದೆ. ಅದರ ಗಣಿತ ಸರಿ. ನಾವು ಬರೆದುಕೊಟ್ಟ ಗುರಿಯಲ್ಲೇ ಮಣ್ಣು ಇರಲಿಲ್ಲ, ರೈತ ಇರಲಿಲ್ಲ. ಅವರನ್ನು ಒಳಗೆ ತರುವುದು ಮಾದರಿ ಬರೆಯುವವರ ಕೆಲಸ. ‘ಇಂತಿಷ್ಟು ಮಡ್ಡಿ ಕಬ್ಬು ಕೊಟ್ಟ ಊರುಗಳಿಗೆ ವಾಪಸು’ ಅನ್ನೋ ಒಂದು ನಿಬಂಧನೆ ಸೇರಿಸಿದರೆ ಉತ್ತರವೇ ಬದಲಾಗುತ್ತದೆ. ಅನಿಲ ತೆಗೆದ ಮೇಲೆ ಉಳಿಯುವ ಗೊಬ್ಬರವನ್ನು ರೈತನಿಗೆ ತಲುಪಿಸುವ ಎರಡನೇ ಗೆರೆ ಎಳೆದರೆ ಮೂವರಿಗೂ ಪಾಲು ಸಿಗುವ ದಾರಿಯೂ ಕಾಣಬಹುದು. ಸಹಕಾರಿ ಕಾರ್ಖಾನೆಯಲ್ಲಿ ಈ ಮಾತಿಗೆ ಇನ್ನೂ ತೂಕ ಹೆಚ್ಚು, ಯಾಕೆಂದರೆ ಅಲ್ಲಿ ಕಬ್ಬು ಕೊಡುವ ರೈತನೇ ಸದಸ್ಯ, ವಾರ್ಷಿಕ ಸಭೆಯಲ್ಲಿ ಎದ್ದು ಕೇಳುವ ಹಕ್ಕುಳ್ಳವನು.

ಭರವಸೆಯ ಪ್ರಶ್ನೆಗೂ ಊರಿನಲ್ಲೇ ಉತ್ತರ ಇದೆ. ಮುಯ್ಯಾಳು ಪದ್ಧತಿ ನೆನಪಿಸಿಕೊಳ್ಳಿ. ಇವತ್ತು ನಿಮ್ಮ ಹೊಲಕ್ಕೆ ನಾವು ಹತ್ತು ಆಳು, ನಾಳೆ ನಮ್ಮ ಹೊಲಕ್ಕೆ ನೀವು ಹತ್ತು ಆಳು. ಕರಾರು ಪತ್ರ ಇಲ್ಲ. ಆದರೂ ಯಾರೂ ತಪ್ಪಿಸುವುದಿಲ್ಲ, ಯಾಕೆಂದರೆ ಮುಂದಿನ ವರ್ಷವೂ ಅದೇ ಜನ, ಅದೇ ಓಣಿ. ಗೇಮ್ ಥಿಯರಿಯಲ್ಲಿ ಇದಕ್ಕೆ ಪುನರಾವರ್ತಿತ ಆಟ ಅಂತಾರೆ. ಒಂದೇ ಸಲದ ಆಟದಲ್ಲಿ ಮೋಸ ಲಾಭ. ಮತ್ತೆ ಮತ್ತೆ ಆಡುವ ಆಟದಲ್ಲಿ ಮಾತು ಉಳಿಸಿಕೊಳ್ಳುವುದು ಲಾಭ. ಅಗ್ಗದ ಗಿರಾಕಿಯನ್ನು ದಿನಕ್ಕೊಬ್ಬರಂತೆ ಹುಡುಕಿ ಕೊಡುವ ತಂತ್ರಾಂಶ ಪ್ರತಿ ವ್ಯವಹಾರವನ್ನೂ ಒಂದೇ ಸಲದ ಆಟ ಮಾಡಿಬಿಡುತ್ತದೆ. ಹಳೆಯ ಜೋಡಿಯನ್ನು ನೆನಪಿಟ್ಟು, ಮಾತು ಉಳಿಸಿಕೊಂಡವರಿಗೆ ಮೊದಲ ಅವಕಾಶ ಕೊಡುವ ತಂತ್ರಾಂಶ ಆಟವನ್ನು ಮುಂದುವರಿಸುತ್ತದೆ.

ನಮ್ಮ ಪ್ರಾಜೆಕ್ಟಿಗೆ ಏನು ಸಿಕ್ಕಿತು

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಥ ವಿಷಯ ತೆಗೆದುಕೊಳ್ಳುವವರಿಗೆ ನಾವು ಸೂಚಿಸುವ ಕ್ರಮ ಹೀಗಿದೆ.

1. ಕೋಡ್ ಬರೆಯುವ ಮುಂಚೆ ಕಸದ ಈಗಿನ ಹಾದಿ ಬರೆಯಿರಿ. ಒಂದು ವಸ್ತು, ಒಂದು ಹಂಗಾಮು, 20 ಕಿಲೋಮೀಟರ್ ಸಾಕು. ಗೇಟಿನಲ್ಲಿ ನಿಂತು ಯಾವ ಗಾಡಿ ಎಲ್ಲಿಗೆ ಹೋಗುತ್ತದೆ ಕೇಳಿ. ಟ್ರ್ಯಾಕ್ಟರ್ ಚಾಲಕನಿಗೆ ಗೊತ್ತಿರುವುದು ಆಫೀಸಿನ ಕಡತದಲ್ಲಿ ಇರಲಿಕ್ಕಿಲ್ಲ.

2. ಟನ್ನುಗಳನ್ನು ವಾರದ ಲೆಕ್ಕದಲ್ಲಿ ಇಡಿ, ವರ್ಷದ ಲೆಕ್ಕದಲ್ಲಿ ಬೇಡ. ಜೊತೆಗೆ ತೇವಾಂಶ, ಎಷ್ಟು ದಿನ ಇಡಬಹುದು ಅನ್ನೋದು ಇರಲಿ.

3. ಎಲ್ಲರ ಅಂಕಿ ಎಲ್ಲರಿಗೂ ಕಾಣಬಾರದು. ಮಧ್ಯಸ್ಥನಿಗೆ ಮಾತ್ರ ಪೂರ್ತಿ ಅಂಕಿ, ಉಳಿದವರಿಗೆ ‘ಜೋಡಿ ಇದೆ, ಮಾತಾಡಿ’ ಅನ್ನೋ ಸೂಚನೆ. ಆ ಮಧ್ಯಸ್ಥ ಇಬ್ಬರಿಗೂ ಒಪ್ಪಿಗೆಯಾಗುವವನಿರಬೇಕು. ಕಾಲೇಜು ಕೂಡ ಆ ಜಾಗ ತುಂಬಬಹುದು, ಯಾಕೆಂದರೆ ನಾವು ಮಡ್ಡಿ ಮಾರುವವರೂ ಅಲ್ಲ, ಕೊಳ್ಳುವವರೂ ಅಲ್ಲ.

4. ನೋಂದಣಿಗೆ ಮೊಬೈಲ್ ನಂಬರು ಮತ್ತು ಊರಿನ ಹೆಸರು ಸಾಕು ಅನ್ನಿ. ಟೈಪ್ ಮಾಡದವರಿಗೆ ಕನ್ನಡದಲ್ಲಿ ಧ್ವನಿ ಸಂದೇಶದ ಸೌಲಭ್ಯ ಇರಲಿ. ‘ಈ ವಾರ ಮಡ್ಡಿ ಬರತೈತೇನ್ರಿ?’ ಅಂತ ಕೇಳಿದರೆ ಉತ್ತರ ಸಿಗುವಂತಿರಬೇಕು.

5. ಪ್ರತಿ ಜೋಡಿಗೂ ಒಂದು ಕಾಲಂ ಕಡ್ಡಾಯ: ಕೈಕೊಟ್ಟರೆ ಏನು? ಮಡ್ಡಿ ಬಾರದ ವಾರ ಸ್ಪೆಂಟ್‌ವಾಶ್ ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ? ಈ ಕಾಲಂ ಖಾಲಿ ಇದ್ದರೆ ಜೋಡಿಗೆ ಒಪ್ಪಿಗೆ ಕೊಡಬೇಡಿ. ಮೇಲೆ ಮಾಡಿದ 15 ಕೋಟಿ ಲೀಟರಿನ ಲೆಕ್ಕ ಇದೇ ಕಾಲಂನದು.

6. ಈಗಾಗಲೇ ಅದನ್ನು ಯಾರು ಬಳಸುತ್ತಿದ್ದಾರೆ ಅಂತ ಬರೆಯದೆ ಯಾವ ವಸ್ತುವನ್ನೂ ‘ಲಭ್ಯ’ ಅಂತ ತೋರಿಸಬೇಡಿ.

ಈ ಆರರಲ್ಲಿ ಕೋಡಿನ ಕೆಲಸ ಅರ್ಧ, ಕಾಲಿನ ಕೆಲಸ ಅರ್ಧ. ಎರಡೂ ಎಂಜಿನಿಯರಿಂಗೇ. ಕಬ್ಬಿನ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ ಶುರುವಾಗುತ್ತದೆ, ನಮ್ಮ ಏಳನೇ ಸೆಮಿಸ್ಟರಿನ ಪ್ರಾಜೆಕ್ಟ್ ಹೊತ್ತಿಗೆ ಸರಿಯಾಗಿ. ಯಂತ್ರ ವಿಭಾಗದವರು ಸಾಗಣೆ ನೋಡಲಿ, ಕಂಪ್ಯೂಟರ್ ವಿಭಾಗದವರು ವಹಿ ಕಟ್ಟಲಿ, ಸಿವಿಲ್‌ನವರು ನೀರು ಬೂದಿ ಅಳೆಯಲಿ. ನಾಲ್ಕು ಜನರ ತಂಡ ಒಂದು ಹಂಗಾಮು ಭೀಮಾ ದಂಡೆಯಲ್ಲಿ ಮಡ್ಡಿ ಗಾಡಿಗಳ ಹಿಂದೆ ಓಡಾಡಿ, ಎಲ್ಲಿಂದ ಎಲ್ಲಿಗೆ ಎಷ್ಟು ಅಂತ ನಾಲ್ಕು ಹಾಳೆ ಬರೆದು ತಂದರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಅಚ್ಚು ಮಾಡುತ್ತೇವೆ. ಹಾಳೆಯ ಒಂದು ಪ್ರತಿ ಊರಿನ ಪಂಚಾಯಿತಿಗೂ ಮುಟ್ಟಿಸೋಣ.